ಎದೆಹಾಲಿನ ಸಕ್ಕರೆಗೆ ಮಿನುಗುವ ಬ್ಯಾಕ್ಟೀರಿಯಾ

ಕೇಳುಗರೇ, ನಮಸ್ಕಾರ. ಎದೆಹಾಲಿನಲ್ಲಿ ಮಗುವಿಗೆ ಅರಗದ ಸಕ್ಕರೆಗಳೂ ಇವೆ. ಲೀಟರಿಗೆ ಸುಮಾರು 5ರಿಂದ 15 ಗ್ರಾಂ. ಅರಗದಿದ್ದರೆ ಯಾಕೆ ಬೇಕು ಅಂತೀರಾ? ಅದು ಮಗುವಿನ ಕರುಳಲ್ಲಿರುವ ಬಿಫಿಡೋಬ್ಯಾಕ್ಟೀರಿಯಾ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳ ಊಟ! ಆಲಿಗೋಸ್ಯಾಕರೈಡ್ ಎಂಬ ಈ ಸಕ್ಕರೆಗಳು ಹಸುವಿನ ಹಾಲಿನಲ್ಲಿ ತೀರಾ ಕಡಿಮೆ.

ಇವುಗಳಲ್ಲಿ 150ಕ್ಕೂ ಹೆಚ್ಚು ಬಗೆ. ಎಲ್ಲವೂ ಐದೇ ಸಣ್ಣ ಸಕ್ಕರೆಗಳಿಂದ ಹೆಣೆದವು. ಕೆಲವೊಮ್ಮೆ ಎರಡು ಸಕ್ಕರೆಗಳ ತೂಕ ಒಂದೇ ಇರುತ್ತದೆ, ಕೊಂಡಿ ಬಿದ್ದ ಜಾಗ ಮಾತ್ರ ಬೇರೆ, ಹಾಗಾಗಿ ದುಬಾರಿ ಯಂತ್ರಗಳಿಗೂ ಇವನ್ನು ಬೇರ್ಪಡಿಸಿ ಅಳೆಯುವುದು ನಿಧಾನದ ಕೆಲಸ.

ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಈ ಕೆಲಸಕ್ಕೆ ಇ. ಕೋಲಿಯನ್ನು ಹಚ್ಚಿದರು. ಥಿಯೋಡೋರ್ ಎಷೆರಿಷ್ ಎಂಬ ಮಕ್ಕಳ ವೈದ್ಯರು 1885ರಲ್ಲಿ ಈ ಬ್ಯಾಕ್ಟೀರಿಯಾವನ್ನು ವಿವರಿಸಿದ್ದು ಹಸುಗೂಸುಗಳ ಮಲ ಪರೀಕ್ಷಿಸುತ್ತಲೇ, ಗೊತ್ತಾ? ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಸಿಕ್ಕಾಗ ಮಾತ್ರ ಅದನ್ನು ಬಳಸುವ ಜೀನ್‌ಗಳನ್ನು ಚಾಲೂ ಮಾಡುವ ಸ್ವಿಚ್ ಇದಕ್ಕೆ ಹುಟ್ಟಿನಿಂದಲೇ ಇದೆ. ಆ ಸ್ವಿಚ್ಚಿಗೆ ಹಸಿರಾಗಿ ಹೊಳೆಯುವ ಪ್ರೋಟೀನಿನ ಜೀನ್ ಜೋಡಿಸಬಹುದು. ಜೊತೆಗೆ ಒಂದೇ ಬಗೆಯ ಕೊಂಡಿಯನ್ನು ಕತ್ತರಿಸುವ ಕಿಣ್ವವನ್ನೂ ಕೊಟ್ಟರೆ, ಆ ಕೊಂಡಿ ಇರುವ ಸಕ್ಕರೆ ಎದುರಾದಾಗ ಕಿಣ್ವ ಅದನ್ನು ಕತ್ತರಿಸುತ್ತದೆ, ಲ್ಯಾಕ್ಟೋಸ್ ಬಿಡುಗಡೆಯಾಗುತ್ತದೆ, ಸ್ವಿಚ್ ಒತ್ತಿದಂತಾಗಿ ಬ್ಯಾಕ್ಟೀರಿಯಾ ಮಿನುಗುತ್ತದೆ. ಕಿಣ್ವ ಬದಲಿಸಿದರೆ ಬೇರೆ ಕೊಂಡಿಯನ್ನು ಹುಡುಕುತ್ತದೆ. ಎಷ್ಟು ಚೆಂದದ ಯೋಚನೆ ಅಲ್ವಾ!

ಒಂದು ತೊಡಕಿದೆ. ಎದೆಹಾಲಿನಲ್ಲಿ ಲೀಟರಿಗೆ ಸುಮಾರು 70 ಗ್ರಾಂ ಲ್ಯಾಕ್ಟೋಸ್ ಮೊದಲೇ ಇರುತ್ತದೆ. ಅದನ್ನು ತೆಗೆಯದೆ ಪರೀಕ್ಷಿಸಿದರೆ ಯಾವ ಹಾಲಿಗಾದರೂ ಬ್ಯಾಕ್ಟೀರಿಯಾ ಹೊಳೆಯುತ್ತದೆ, ಏನೂ ತಿಳಿಯುವುದಿಲ್ಲ. ಇದೆಲ್ಲ ಲ್ಯಾಬಿನ ತಟ್ಟೆಯಲ್ಲಿ ನಡೆಯುವ ಪರೀಕ್ಷೆ, ಮಗುವಿಗೆ ಕುಡಿಸುವ ವಸ್ತುವಲ್ಲ.

ಉಪಯೋಗ ಕಾರ್ಖಾನೆಗೂ ಇದೆ. ಡಬ್ಬಿ ಹಾಲಿಗೆ ಬೆರೆಸುವ 2'-ಫ್ಯೂಕೋಸಿಲ್‌ಲ್ಯಾಕ್ಟೋಸ್ ಎಂಬ ಇಂಥದ್ದೇ ಒಂದು ಸಕ್ಕರೆಯನ್ನು ಮಾರ್ಪಡಿಸಿದ ಇ. ಕೋಲಿಯಿಂದಲೇ ತಯಾರಿಸುತ್ತಾರೆ. ಸಾವಿರಾರು ತಳಿಗಳಲ್ಲಿ ಯಾವುದು ಜಾಸ್ತಿ ತಯಾರಿಸುತ್ತದೆ ಅಂತ ಹೊಳಪು ನೋಡಿಯೇ ಆರಿಸಬಹುದು.

ನನಗೆ ಮುಖ್ಯ ಅನಿಸುವುದು ತಾಯಂದಿರ ವಿಚಾರ. ಎಫ್‌ಯುಟಿ2 ಎಂಬ ಜೀನ್ ಕೆಲಸ ಮಾಡದ ತಾಯಂದಿರ ಹಾಲಿನಲ್ಲಿ ಈ 2'-ಫ್ಯೂಕೋಸಿಲ್‌ಲ್ಯಾಕ್ಟೋಸ್ ಇರುವುದೇ ಇಲ್ಲ ಎನ್ನುವಷ್ಟು ಕಡಿಮೆ. ಅವರ ಮಕ್ಕಳೂ ಚೆನ್ನಾಗಿಯೇ ಬೆಳೆಯುತ್ತಾರೆ, ಹಾಗಾಗಿ ಯಾವ ತಾಯಿಯೂ ಇದನ್ನು ಕೇಳಿ ಗಾಬರಿಯಾಗಬೇಡಿ. ಆದರೆ ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಎದೆಹಾಲಿನ ಬ್ಯಾಂಕಿನಿಂದ ಹಾಲು ಕೊಡುವಾಗ, ಅದರಲ್ಲಿ ಯಾವ ಸಕ್ಕರೆ ಎಷ್ಟಿದೆ ಅಂತ ಅಗ್ಗವಾಗಿ ತಿಳಿಯುವಂತಾಗಬೇಕು ಅನ್ನುವುದು ನನ್ನ ಆಸೆ.