ಬಿದ್ದ ಹಲ್ಲು ಹುಡುಕಿ, ಹಾಲಿನಲ್ಲಿ ಹಾಕಿ

ಕೇಳುಗರೆ, ನಮಸ್ಕಾರ.

ಚಿಕ್ಕವರಿದ್ದಾಗ ಹಾಲುಹಲ್ಲು ಬಿದ್ದರೆ ಏನು ಮಾಡುತ್ತಿದ್ದೆವು, ನೆನಪಿದೆಯಾ? ಸಗಣಿಯ ಉಂಡೆಯೊಳಗೆ ಇಟ್ಟು ಹೆಂಚಿನ ಮೇಲೆ ಎಸೆಯುತ್ತಿದ್ದೆವು. ಹಾಲುಹಲ್ಲಿಗೆ ಅದು ಸರಿಯೇ. ಅದರ ಕೆಲಸ ಮುಗಿದಿರುತ್ತದೆ. ಆದರೆ ಆಟದಲ್ಲೋ, ಬಿದ್ದೋ, ಏಟು ತಿಂದು ಕಿತ್ತುಬಂದ ಹಲ್ಲಿನ ಕಥೆ ಬೇರೆ. ಅದಕ್ಕೆ ಇನ್ನೂ ಜೀವ ಇರುತ್ತದೆ. ಸ್ವಲ್ಪ ಹೊತ್ತು ಮಾತ್ರ.

ನಾನು ಹಲ್ಲಿನ ಡಾಕ್ಟರು. ಕೆಲವು ವರ್ಷಗಳ ಹಿಂದೆ ಒಬ್ಬ ರೈತರು ತಮ್ಮ ಹತ್ತು ವರ್ಷದ ಮಗನನ್ನು ಕರೆದುಕೊಂಡು ಬಂದರು. ಹುಡುಗ ಬೋರ್‌ವೆಲ್ ಕೈಪಂಪು ಒತ್ತುತ್ತಿದ್ದ. ಕೈ ಜಾರಿ, ಹಿಡಿ ಮೇಲೆದ್ದು ಬಾಯಿಗೆ ಬಡಿದಿತ್ತು. ಮೇಲಿನ ಮುಂದಿನ ಹಲ್ಲು ಬೇರು ಸಮೇತ ಬಂದುಬಿಟ್ಟಿತ್ತು. ತಂದೆ ಆ ಹಲ್ಲನ್ನು ಕೆಸರಿನಲ್ಲಿ ಹುಡುಕಿ ತೆಗೆದಿದ್ದರು. ಸೋಪು ಹಚ್ಚಿ, ಚೆನ್ನಾಗಿ ಉಜ್ಜಿ ತೊಳೆದು, ಕರವಸ್ತ್ರದಲ್ಲಿ ಸುತ್ತಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಬಸ್ಸು ಹಿಡಿದು ನಮ್ಮಲ್ಲಿಗೆ ಬರುವಷ್ಟರಲ್ಲಿ ಮೂರು ಗಂಟೆ ಕಳೆದಿತ್ತು. "ಎಷ್ಟು ಕ್ಲೀನಾಗಿ ತಂದಿದೀನಿ ನೋಡಿ ಡಾಕ್ಟ್ರೇ" ಎಂದರು. ನನ್ನ ಕರುಳು ಚುರುಕ್ ಎಂದಿತು. ಅವರು ಉಜ್ಜಿ ತೆಗೆದದ್ದು ಕೊಳೆಯನ್ನು ಮಾತ್ರ ಅಲ್ಲ. ಹಲ್ಲಿನ ಜೀವವನ್ನೂ ತೆಗೆದಿದ್ದರು. ಅವರದು ತಪ್ಪು ಅನ್ನಲಾರೆ. ಅವರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಹಲ್ಲು ದವಡೆಯ ಮೂಳೆಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ಎರಡರ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರ ಇರುತ್ತದೆ. ಹಲ್ಲು ಕಿತ್ತುಬಂದಾಗ ಆ ಪದರ ಹರಿಯುತ್ತದೆ. ಒಂದಷ್ಟು ಗೂಡಿನಲ್ಲಿ ಉಳಿದರೆ, ಇನ್ನೊಂದಷ್ಟು ಬೇರಿಗೆ ಅಂಟಿಕೊಂಡು ಬರುತ್ತದೆ. ಬೇರಿನ ಮೇಲಿನ ಆ ಜೀವಕೋಶಗಳು ಬದುಕಿದ್ದರೆ, ಹಲ್ಲನ್ನು ವಾಪಸ್ ಕೂರಿಸಿದಾಗ ಅದು ಮತ್ತೆ ಬೆಸೆದುಕೊಳ್ಳುತ್ತದೆ. ಗಾಳಿಗೆ ಒಣಗಿದರೆ ಅರ್ಧ ಗಂಟೆಯೊಳಗೇ ಅವು ಸಾಯತೊಡಗುತ್ತವೆ. ಒಂದು ಗಂಟೆ ದಾಟಿದರೆ ಉಳಿಯುವುದು ತೀರಾ ಕಡಿಮೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಯೆನ್ಸ್ ಆಂಡ್ರಿಯಾಸನ್ ಎಂಬ ವೈದ್ಯರಿದ್ದರು. ಹೀಗೆ ಮತ್ತೆ ಕೂರಿಸಿದ 400 ಹಲ್ಲುಗಳನ್ನು ಅವರೂ ಅವರ ಜೊತೆಗಾರರೂ ವರ್ಷಗಟ್ಟಲೆ ಗಮನಿಸಿ, 1995ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿದ್ದ ಐದು ನಿಮಿಷದೊಳಗೆ ಗೂಡಿಗೆ ಮರಳಿದ ಹಲ್ಲುಗಳೇ ಎಲ್ಲಕ್ಕಿಂತ ಚೆನ್ನಾಗಿ ವಾಸಿಯಾಗಿದ್ದವು. ಐದು ನಿಮಿಷದಲ್ಲಿ ಡಾಕ್ಟರ ಹತ್ತಿರ ಯಾರು ಹೋಗೋಕಾಗುತ್ತೆ? ಹಾಗಾಗಿ ಆ ಕೆಲಸ ಅಲ್ಲೇ ಇದ್ದವರದು. ಅಮ್ಮನೋ, ಪಿ.ಟಿ. ಮೇಷ್ಟ್ರೋ, ದಾರಿಯಲ್ಲಿ ಹೋಗುವವರೋ, ಯಾರಾದರೂ ಸರಿ.

ಹೇಗೆ ಮಾಡಬೇಕು? ಹಲ್ಲನ್ನು ಹುಡುಕಿ. ಬಾಯಲ್ಲಿ ಕಾಣುವ ಬಿಳಿ ಭಾಗವನ್ನೇ ಹಿಡಿಯಿರಿ, ಹಳದಿ ಬೇರನ್ನು ಮುಟ್ಟಬೇಡಿ. ಮಣ್ಣು ಹತ್ತಿದ್ದರೆ ಹಾಲಿನಲ್ಲಿ ಸುಮ್ನೆ ಒಂದು ಸಲ ಅದ್ದಿ ತೆಗೆಯಿರಿ. ಹಾಲಿಲ್ಲದಿದ್ದರೆ ಮಗುವಿನ ಎಂಜಲೇ ಆದೀತು. ಅದೂ ಆಗದಿದ್ದರೆ ನಲ್ಲಿ ನೀರಿನ ಕೆಳಗೆ ಕೆಲವೇ ಸೆಕೆಂಡು ಹಿಡಿಯಿರಿ. ಉಜ್ಜಬೇಡಿ, ಕೆರೆಯಬೇಡಿ. ಆಮೇಲೆ ಪಕ್ಕದ ಹಲ್ಲನ್ನು ನೋಡಿಕೊಂಡು, ಮುಂಭಾಗ ಮುಂದೆ ಬರುವಂತೆ, ಅದೇ ಗೂಡಿಗೆ ಮೆಲ್ಲಗೆ ಒತ್ತಿ. ಮಡಿಸಿದ ಬಟ್ಟೆ ಕೊಟ್ಟು ಕಚ್ಚಿಕೊಳ್ಳೋಕೆ ಹೇಳಿ, ಹೊರಡಿ. ರಕ್ತ ನೋಡಿ ಕೈ ನಡುಗುತ್ತದೆ, ಗೊತ್ತು. ಆದರೂ ಧೈರ್ಯ ಮಾಡಿ. ಸ್ವಲ್ಪ ಸೊಟ್ಟಗೆ ಕೂತರೂ ಪರವಾಗಿಲ್ಲ, ಡಾಕ್ಟರು ಸರಿ ಮಾಡುತ್ತಾರೆ.

ಕೂರಿಸೋಕೆ ಆಗಲೇ ಇಲ್ಲವಾ? ಹಾಗಾದರೆ ಒಂದು ಲೋಟ ಹಾಲಿನಲ್ಲಿ ಮುಳುಗಿಸಿ ತನ್ನಿ. ಹಾಲಿನಲ್ಲಿ ಕರಗಿರುವ ಅಂಶಗಳ ಒಟ್ಟು ಪ್ರಮಾಣ ನಮ್ಮ ಮೈಯ ದ್ರವದಲ್ಲಿರುವುದಕ್ಕೆ ಹತ್ತಿರ, ಅದಕ್ಕೇ ಜೀವಕೋಶಗಳು ಅದರಲ್ಲಿ ತಡೆದುಕೊಳ್ಳುತ್ತವೆ. ನೀರಿನಲ್ಲಿ ನೆನೆಹಾಕಿದರೆ ಅವು ಊದಿಕೊಂಡು ಒಡೆಯುತ್ತವೆ. ಹಾಗಂತ ಒಣಗಲು ಬಿಡುವುದಕ್ಕಿಂತ ನೀರೇ ವಾಸಿ. ಪ್ಯಾಕೆಟ್ ಹಾಲಾಗಲಿ, ಮನೆಯ ಹಾಲಾಗಲಿ, ತಣ್ಣಗಿರಲಿ, ಸಕ್ಕರೆ ಬೇಡ. ಮೊಸರು ಮಜ್ಜಿಗೆ ಬೇಡವೇ ಬೇಡ, ಹುಳಿ ಆ ಕೋಶಗಳಿಗೆ ಆಗುವುದಿಲ್ಲ. ಎಳನೀರು ಆಗುತ್ತಾ ಎಂದು ತೆಂಗಿನ ಸೀಮೆಯವರು ಕೇಳುತ್ತಾರೆ. ಅದರ ಮೇಲೂ ಪರೀಕ್ಷೆಗಳು ನಡೆದಿವೆ. ಕೆಲವದರಲ್ಲಿ ಚೆನ್ನಾಗಿ ಕೆಲಸ ಮಾಡಿದೆ, ಇನ್ನು ಕೆಲವದರಲ್ಲಿ ಹಾಲಿಗಿಂತ ಹಿಂದೆ ಬಿದ್ದಿದೆ. ನನ್ನನ್ನು ಕೇಳಿದರೆ ಮೊದಲು ಹಾಲು.

ಒಂದು ಎಚ್ಚರಿಕೆ. ಹಾಲುಹಲ್ಲು ಬಿದ್ದರೆ ಅದನ್ನು ವಾಪಸ್ ಕೂರಿಸಲೇಬಾರದು. ಅದರ ಬುಡದಲ್ಲೇ ಹೊಸ ಹಲ್ಲು ಬೆಳೆಯುತ್ತಿರುತ್ತದೆ, ಅದಕ್ಕೆ ಪೆಟ್ಟಾಗುತ್ತದೆ. ಮೇಲಿನ ಮುಂದಿನ ಎರಡು ಶಾಶ್ವತ ಹಲ್ಲು ಬರುವುದು ಸುಮಾರು ಏಳೆಂಟು ವರ್ಷಕ್ಕೆ. ನಾಲ್ಕೈದು ವರ್ಷದ ಮಗುವಿನ ಬಾಯಲ್ಲಿ ಮುಂದೆ ಕಾಣುವುದು ಹಾಲುಹಲ್ಲೇ. ಇನ್ನು, ಮಗು ಎಚ್ಚರ ತಪ್ಪಿದ್ದರೆ, ವಾಂತಿ ಮಾಡುತ್ತಿದ್ದರೆ, ಹಲ್ಲಿನ ಯೋಚನೆ ಬಿಡಿ. ಮೊದಲು ದೊಡ್ಡಾಸ್ಪತ್ರೆಗೆ ಓಡಿ.

ಹಲ್ಲು ಮುರಿದಿದ್ದರೂ ಆ ತುಂಡು ತನ್ನಿ. ಬಹಳ ಸಲ ಅದನ್ನೇ ಅಂಟಿಸಿ ಕೂರಿಸಬಹುದು. ತುಂಡು ಸಿಗದೆ ತುಟಿ ಊದಿಕೊಂಡಿದ್ದರೆ ಹೇಳಿ. ಅದು ತುಟಿಯೊಳಗೇ ಹೊಕ್ಕಿರುವುದುಂಟು.

ಕಿತ್ತುಬಂದ ಹಲ್ಲನ್ನು ಕೂರಿಸಿದ ಮೇಲೆ ನಾವು ಸಣ್ಣ ತಂತಿಯಿಂದ ಪಕ್ಕದ ಹಲ್ಲುಗಳಿಗೆ ಸೇರಿಸಿ ಸುಮಾರು ಎರಡು ವಾರ ಹಿಡಿದಿಡುತ್ತೇವೆ. ಟಿ.ಟಿ. ಇಂಜೆಕ್ಷನ್ ಆಗಿದೆಯಾ ಎಂದು ಕೇಳುತ್ತೇವೆ. ಬೇರು ಪೂರ್ತಿ ಬೆಳೆದ ಹಲ್ಲಿಗೆ ಆ ಎರಡು ವಾರದೊಳಗೇ ರೂಟ್ ಕೆನಾಲ್ ಶುರು ಮಾಡಬೇಕು. ಇಲ್ಲೇ ಜಾಸ್ತಿ ಜನ ಎಡವುವುದು. ನೋವು ಹೋಯಿತು, ಹಲ್ಲು ಗಟ್ಟಿಯಾಯಿತು ಎಂದು ಬರುವುದನ್ನೇ ನಿಲ್ಲಿಸುತ್ತಾರೆ. ಒಳಗೆ ನರ ಸತ್ತು ಕೊಳೆಯುತ್ತಿರುತ್ತದೆ, ನೋವೇ ಇರುವುದಿಲ್ಲ. ಬರೀ ಏಟು ಬಿದ್ದ ಹಲ್ಲೂ ಹಾಗೇ. ತಿಂಗಳುಗಳಾದ ಮೇಲೆ ಬೂದು ಬಣ್ಣಕ್ಕೆ ತಿರುಗಿದರೆ ತೋರಿಸಿ.

ಕೊಡಗಿನಲ್ಲಿ ಹಾಕಿ ಆಡುವ ಮಕ್ಕಳಿಗೆ, ಎಲ್ಲ ಕಡೆಯ ಕಬಡ್ಡಿ ಹುಡುಗರಿಗೆ ಮೌತ್ ಗಾರ್ಡ್ ಕೊಡಿಸಿ ಎಂದು ಕೈಮುಗಿದು ಕೇಳುತ್ತೇನೆ. ಮುಂದಿನ ಹಲ್ಲು ಉಬ್ಬಿರುವ ಮಕ್ಕಳಿಗೆ ಅಪಾಯ ಇನ್ನೂ ಹೆಚ್ಚು. ಬೈಕಿನಲ್ಲಿ ಅರ್ಧ ಹೆಲ್ಮೆಟ್ ಗಲ್ಲವನ್ನು ಕಾಯುವುದಿಲ್ಲ.

ಆ ಹುಡುಗನ ಹಲ್ಲನ್ನು ನಾನು ಕೂರಿಸಿದೆ. ತಡವಾದರೂ ಕೂರಿಸುವುದೇ ಒಳ್ಳೆಯದು. ಬೆಳೆಯುವ ದವಡೆಯ ಮೂಳೆ ಸವೆಯದೆ ಒಂದಷ್ಟು ವರ್ಷ ಉಳಿಯುತ್ತದೆ, ಮಗುವಿನ ನಗುವೂ ಉಳಿಯುತ್ತದೆ. ಆದರೆ ಮೂಳೆ ಬೇರನ್ನು ನಿಧಾನವಾಗಿ ತಿನ್ನುತ್ತಾ ಬರುತ್ತದೆ, ಮುಂದೆ ಕಟ್ಟಿಸಿದ ಹಲ್ಲೇ ಬೇಕಾಗುತ್ತದೆ. ಇದನ್ನು ತಂದೆಗೆ ಬಿಡಿಸಿ ಹೇಳಿದೆ. ಹಾಲಿನ ವಿಷಯವನ್ನೂ ಹೇಳಿದೆ. ಅವರು ಮಗನ ತಲೆ ಸವರುತ್ತಾ ತುಂಬಾ ಹೊತ್ತು ಸುಮ್ಮನೆ ನಿಂತರು. ಆಮೇಲೆ ಮೆಲ್ಲಗೆ ಅಂದರು: "ಮನೇಲಿ ಎರಡು ಎಮ್ಮೆ ಹಾಲು ಕೊಡ್ತವೆ ಡಾಕ್ಟ್ರೇ."