ತಾಂಡಾ ಶಾಲೆಯಲ್ಲಿ ಒಂದು ದಿನ: ಬಾಡಿಗೆ ಪೇಟಿಯಾ, ಕಬ್ಬಿನ ಲಾರಿ, ಸಂಜೆ ಏಳರ ಸಭೆ

ವಿಡಿಯೋದ ಶುರುವಿನಲ್ಲಿ ಬಸ್ಸು, ಆಟೊ, ಆಮೇಲಿನ ಧೂಳು ಎಲ್ಲ ನೀವೇ ನೋಡಿದಿರಿ, ಅದರ ಬಗ್ಗೆ ನಾನೇನೂ ಹೇಳುವುದಿಲ್ಲ. ಈಗ ಕಾಣುತ್ತಿರುವುದು ಶಾಲೆ. ವಿಜಯಪುರ ಜಿಲ್ಲೆಯ ಒಂದು ತಾಂಡಾದ, ಅಂದರೆ ಲಂಬಾಣಿ ಜನರ ಊರಿನ, ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಐದರವರೆಗೆ. ಊರಿನ ಹೆಸರು ಬೇಡ ಅಂದರು, ಹಾಗಾಗಿ ಬೋರ್ಡು ಬಂದ ಕಡೆಯೆಲ್ಲ ಮಸುಕು ಮಾಡಿದ್ದೇನೆ. ಮಕ್ಕಳ ಮುಖವನ್ನೂ ತೋರಿಸುತ್ತಿಲ್ಲ. ಪೂರ್ತಿ ವಿಡಿಯೋ ಬೆನ್ನು, ಕಾಲು, ಎಣ್ಣೆ ಹಚ್ಚಿ ಬಾಚಿದ ತಲೆ ಇಷ್ಟೇ. ಬೇಜಾರು ಮಾಡಿಕೊಳ್ಳಬೇಡಿ.

ಈ ಟಣ್ ಟಣ್ ಸದ್ದು ಹಾಲಿನ ಲೋಟಗಳದ್ದು. ಕ್ಷೀರಭಾಗ್ಯ, ಶಾಲೆ ಮಕ್ಕಳಿಗೆ ಹಾಲು ಕೊಡುವ ಸರ್ಕಾರದ ಯೋಜನೆ, 2013ರಿಂದ ನಡೆಯುತ್ತಿದೆ, ಪುಡಿ ಕಲಸಿ ಕಾಯಿಸಿದ ಹಾಲು. ನನಗೂ ಒಂದು ಲೋಟ ಕೊಟ್ಟರು. ಸಕ್ಕರೆ ಜಾಸ್ತಿ ಆಗಿತ್ತು, ಕುಡಿದೆ.

ಇದು ಒಂದನೇ ಕ್ಲಾಸು. ಇಲ್ಲಿನ ಮಕ್ಕಳು ಮನೆಯಲ್ಲಿ ಆಡುವುದು ಗೋರ್ ಬೋಲಿ, ನಾವು ಲಂಬಾಣಿ ಭಾಷೆ ಅನ್ನುತ್ತೇವಲ್ಲ, ಅದೇ. ಅದಕ್ಕೆ ಸ್ವಂತ ಲಿಪಿ ಇಲ್ಲ, ಇಲ್ಲಿಯವರು ಕನ್ನಡದಲ್ಲೇ ಬರೆದುಕೊಳ್ಳುತ್ತಾರೆ. ಹೊಸದಾಗಿ ಬಂದ ಮಗುವಿಗೆ ಟೀಚರ್ ಕನ್ನಡದಲ್ಲಿ ಏನಾದರೂ ಕೇಳಿದರೆ ತಿಳಿಯುವುದಿಲ್ಲ, ತಿಳಿಯದ್ದಕ್ಕೆ ಅದು ಸುಮ್ಮನಿರುತ್ತದೆ, ಸುಮ್ಮನಿದ್ದದ್ದಕ್ಕೆ ದಡ್ಡ ಅನ್ನಿಸಿಕೊಳ್ಳುತ್ತದೆ. ಆದಷ್ಟೂ ಮಗುವಿನ ಮಾತೃಭಾಷೆಯಲ್ಲೇ ಕಲಿಸಿ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಹೇಳಲಿ ಬಿಡಿ, ಟೀಚರ್ ಮಂಡ್ಯ ಕಡೆಯವರು, ಅವರಾದರೂ ಏನು ಮಾಡಬೇಕು?

ತಾಂಡಾದವರೇ ಒಂದು ದಾರಿ ಹುಡುಕಿದ್ದಾರೆ. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ಹುಡುಗಿಯೊಬ್ಬಳನ್ನು ಬೆಳಿಗ್ಗೆ ಊಟದ ಗಂಟೆಯವರೆಗೆ ಒಂದನೇ ಕ್ಲಾಸಿನಲ್ಲಿ ಕೂರಿಸಿದ್ದಾರೆ. ಅವಳ ಕೈಗೆ ಅಷ್ಟಿಷ್ಟು ದುಡ್ಡನ್ನು ಮನೆಮನೆಯಿಂದ ಕೂಡಿಸಿ ಕೊಡುತ್ತಾರೆ. ಟೀಚರ್ ಹೇಳಿದ್ದನ್ನು ಅವಳು ಮಕ್ಕಳಿಗೆ ಹೇಳುತ್ತಾಳೆ, ಮಕ್ಕಳ ಜಗಳವನ್ನು ಟೀಚರ್‌ಗೆ ಹೇಳುತ್ತಾಳೆ. ಈಗ ಈ ನೋಟ್‌ಬುಕ್ ನೋಡಿ, ಸ್ವಲ್ಪ ಹತ್ತಿರ ಹಿಡಿಯುತ್ತೇನೆ. ಇದು ಟೀಚರ್‌ದು. ಗೋರ್ ಬೋಲಿಯ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದಾರೆ. ಕೆಂಪು ಇಂಕಿನಲ್ಲಿ ತಿದ್ದಿರುವುದು ನಾಲ್ಕನೇ ಕ್ಲಾಸಿನವರು. ಕೆಳಗೆ ಹತ್ತಕ್ಕೆ ಆರು ಅಂತ ಮಾರ್ಕ್ಸ್ ಬೇರೆ. ಸಹಿ ಕೂಡ ಇದೆ. ಟೀಚರ್ ಪಾಸು.

ಸರಿ, ಇವತ್ತಿನ ಕಾರ್ಯಕ್ರಮ. ಪಕ್ಕದ ಊರಿನ ಶಾಲೆಯ ಮಕ್ಕಳು, ಮೇಷ್ಟ್ರುಗಳು ತಾಂಡಾಕ್ಕೆ ಬಂದಿದ್ದಾರೆ. ಯಾಕೆ ಅಂದರೆ ಐದನೇ ಕ್ಲಾಸು ಮುಗಿಸಿದ ಇಲ್ಲಿನ ಮಕ್ಕಳು ಆರಕ್ಕೆ ಅಲ್ಲಿಗೇ ಹೋಗಬೇಕು. ಅಲ್ಲಿ ಮಾತಿನ ಧಾಟಿಗೆ ನಗುತ್ತಾರೆ, ಅಡ್ಡಹೆಸರು ಇಡುತ್ತಾರೆ, ಎರಡು ತಿಂಗಳಲ್ಲಿ ಹುಡುಗ ಚೀಲ ಮೂಲೆಗೆ ಹಾಕುತ್ತಾನೆ. ಮೊದಲೇ ಮುಖ ಪರಿಚಯ ಆಗಲಿ ಅಂತ ಎಸ್‌ಡಿಎಂಸಿಯವರು, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು, ಇದನ್ನು ಇಟ್ಟುಕೊಂಡಿದ್ದಾರೆ. ಐಡಿಯಾ ಒಳ್ಳೆಯದು, ನನಗೆ ಇಷ್ಟ ಆಯಿತು.

ಆದರೆ ಈ ಡ್ರೆಸ್ ವಿಷಯ ಇದೆಯಲ್ಲ, ಇದನ್ನು ಹೇಳದೆ ನಾನು ಮುಂದೆ ಹೋಗುವುದಿಲ್ಲ. ಸ್ಟೇಜಿನ ಮೇಲೆ ಹನ್ನೆರಡು ಹುಡುಗಿಯರು ಲಂಬಾಣಿ ಡ್ರೆಸ್ ಹಾಕಿ ಕುಣಿಯುತ್ತಿದ್ದಾರೆ, ಕಾಣುತ್ತಿದೆ ಅಲ್ವಾ? ಅದು ಬಾಡಿಗೆಯದು. ಪೇಟೆಯ ಒಂದು ಫ್ಯಾನ್ಸಿ ಡ್ರೆಸ್ ಅಂಗಡಿಯಿಂದ ತಂದದ್ದು. ಒಂದು ಜೊತೆ ಬಟ್ಟೆಗೆ 250 ರೂಪಾಯಿ, ಹನ್ನೆರಡು ಜೊತೆಗೆ 3,000. ತಂದು ಕೊಟ್ಟು ಬರುವ ಆಟೊ 400. ಮೇಲೆ 2,000 ಡಿಪಾಸಿಟ್. ಲಂಬಾಣಿ ತಾಂಡಾಕ್ಕೆ ಲಂಬಾಣಿ ಬಟ್ಟೆ ಬಾಡಿಗೆಗೆ! ಬಟ್ಟೆ ಅಂದರೆ ಏನು, ಪಾಲಿಸ್ಟರ್, ಸೊಂಟಕ್ಕೆ ಇಲಾಸ್ಟಿಕ್, ಗಮ್ಮು ಹಚ್ಚಿ ಅಂಟಿಸಿದ ಪ್ಲಾಸ್ಟಿಕ್ ಕನ್ನಡಿ. ಎರಡನೇ ಹಾಡಿಗೇ ಕನ್ನಡಿ ಉದುರಲು ಶುರುವಾಯಿತು. ಈಗ ಕೆಳಗೆ ಬಗ್ಗಿ ಹುಡುಕುತ್ತಿರುವವರು ಶಾಲೆಯ ಸಿಬ್ಬಂದಿ, ಯಾಕೆಂದರೆ ಒಂದು ಕನ್ನಡಿ ಹೋದರೆ 50 ರೂಪಾಯಿ ಡಿಪಾಸಿಟ್ಟಿನಲ್ಲಿ ಮುರಿಯುತ್ತಾರಂತೆ. 50 ರೂಪಾಯಿಗೆ ಒಂದು ಪೊಟ್ಟಣ ಕನ್ನಡಿಯೇ ಬರುತ್ತದೆ ಮಾರಾಯ್ರೆ. ಅತ್ತ ಸ್ಟೇಜಿನ ಪಕ್ಕ ಕೂತಿದ್ದಾರಲ್ಲ ಮೂವರು ಅಜ್ಜಿಯರು, ಅವರ ಮೈಮೇಲೆ ಅಸಲಿ ಪೇಟಿಯಾ ಅಂದರೆ ಲಂಗ, ಅಸಲಿ ಕಾಂಚಳಿ ಅಂದರೆ ರವಿಕೆ, ಮೊಣಕೈವರೆಗೆ ಬಳೆ. ಅವರು ನಗುವುದನ್ನು ನೋಡಿ. ಆ ನಗು ಮಕ್ಕಳ ಕುಣಿತಕ್ಕಲ್ಲ.

ಮನೆಮನೆಯ ಟ್ರಂಕಿನಲ್ಲಿ ಇರುವುದನ್ನು ಶಾಲೆಯವರು ಯಾಕೆ ಕೇಳಲಿಲ್ಲ ಅಂದರೆ, ಕೇಳಲು ಮುಜುಗರ ಆಯಿತಂತೆ. ಇದೇ ನೋಡಿ ನನಗೆ ಸಿಟ್ಟು ಬರುವುದು. ಅವರ ಸಂಸ್ಕೃತಿಯನ್ನು ಸ್ಟೇಜಿಗೆ ಹತ್ತಿಸಲು ಮುಜುಗರ ಇಲ್ಲ, ಅವರ ಬಾಗಿಲು ತಟ್ಟಲು ಮುಜುಗರ. 3,400 ರೂಪಾಯಿಯನ್ನು ಒಂದನೇ ಕ್ಲಾಸಿನಲ್ಲಿ ಕೂರುವ ಆ ಡಿಗ್ರಿ ಹುಡುಗಿಗೆ ಕೊಟ್ಟಿದ್ದರೆ ಆಗುತ್ತಿರಲಿಲ್ಲವೇ?

ಅಂತ ನಾನು ಹಾರಾಡುತ್ತಿದ್ದಾಗ ಈ ತಲೆಗೆ ಕೆಂಪು ಟುಕ್ರಿ ಹೊದ್ದ ಅಜ್ಜಿ ಏನಂದರು ಗೊತ್ತೆ? ಕೇಳಿದ್ದರೂ ಕೊಡುತ್ತಿರಲಿಲ್ಲ ಅಂದರು. ಅದು ಭಾರ, ಹುಡುಗಿಯರು ಎಡವಿ ಬೀಳುತ್ತಾರೆ, ಹೊಲಿಗೆ ಬಿಚ್ಚಿಕೊಂಡರೆ ಈಗ ಕಣ್ಣು ಕಾಣುವುದಿಲ್ಲ, ಯಾರು ಹಾಕುತ್ತಾರೆ ಅಂದರು. ಅದೂ ನಿಜವೇ. ಹಾಗಾದರೆ ಬಾಡಿಗೆಯೇ ಸರಿಯೇನೋ, ಆದರೆ ಆ ರೇಟಿಗಲ್ಲ.

ಊಟ ಆದ ಮೇಲೆ ಅಜ್ಜಿಯೇ ಟ್ರಂಕು ತರಿಸಿದರು. ಪಕ್ಕದ ಊರಿನ ಹುಡುಗರು ಪೇಟಿಯಾ ಎತ್ತಿ ನೋಡಿ ಇಷ್ಟು ತೂಕವಾ ಅಂತ ಬಾಯಿ ಬಿಟ್ಟರು. ಕನ್ನಡಿಯ ಸುತ್ತ ದಾರ ಹೇಗೆ ಸುತ್ತುತ್ತದೆ ನೋಡಿ: ಮೊದಲು ಅಡ್ಡ ಎರಡು, ಉದ್ದ ಎರಡು, ಆ ಚೌಕಕ್ಕೆ ಸಿಕ್ಕಿಸಿಕೊಂಡು ಸುತ್ತಲೂ ಬಿಗಿ. ಗಮ್ಮಿನ ಮಾತೇ ಇಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು, ಇದೆ, 2023ರಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ 1,755 ಕಸೂತಿ ಸಾಮಾನು ಜೋಡಿಸಿ ಗಿನ್ನೆಸ್ ದಾಖಲೆಯನ್ನೂ ಮಾಡಿದರು. ಅಜ್ಜಿಗೆ ಇದನ್ನು ಹೇಳಿದೆ. ಅವರು ಸೂಜಿಗೆ ದಾರ ಪೋಣಿಸಿ ಕೊಡು ಅಂದರು. ಪೋಣಿಸಿಕೊಟ್ಟೆ. ಅಯ್ಯೋ, ಶಾಟ್ ಮುಗಿಯಿತು.

ಈಗ ಅಸಲಿ ವಿಷಯ, ಗುಳೆ, ಅಂದರೆ ಕೂಲಿಗಾಗಿ ಊರು ಬಿಟ್ಟು ಹೋಗುವುದು. ಲಂಬಾಣಿಗಳ ಗುರು ಸೇವಾಲಾಲ್ ಅವರ ಜಯಂತಿ ಬರುವುದು ಫೆಬ್ರವರಿ 15ಕ್ಕೆ, ಇಂಥ ಕಾರ್ಯಕ್ರಮ ಅವತ್ತು ಮಾಡುವುದು ರೂಢಿ. ಆದರೆ ಫೆಬ್ರವರಿಯಲ್ಲಿ ತಾಂಡಾದಲ್ಲಿ ಯಾರಿರುತ್ತಾರೆ? ದೀಪಾವಳಿ ಅಮಾವಾಸ್ಯೆಗೆ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಮೇರಾ ಅನ್ನುವ ಹಾರೈಕೆ ಹೇಳುತ್ತಾರೆ, ಅದು ಮುಗಿಯಿತೋ ಇಲ್ಲವೋ ಕಬ್ಬು ಕಡಿಯಲು ಜನರನ್ನು ಕರೆದೊಯ್ಯುವ ಲಾರಿ ಬಂದು ನಿಲ್ಲುತ್ತದೆ. ಬಾಗಲಕೋಟೆ, ಬೆಳಗಾವಿ, ಗಡಿ ದಾಟಿದರೆ ಸಾಂಗ್ಲಿ, ಕೊಲ್ಹಾಪುರ. ಮುಂಗಡ ಕೊಡುವುದು ಗಂಡ ಹೆಂಡತಿ ಜೋಡಿಗೆ. ಇಬ್ಬರೂ ಗದ್ದೆಗೆ ಇಳಿದರೆ ಕೂಸನ್ನು ನೋಡುವವರು ಯಾರು, ಎಂಟು ವರ್ಷದ ಅಕ್ಕ. ಅವಳ ಶಾಲೆ ಅಲ್ಲಿಗೆ ಮುಗಿಯಿತು. ಸಕ್ಕರೆ ಕಾರ್ಖಾನೆ ನಿಲ್ಲುವುದು ಬೇಸಿಗೆಗೆ, ಅಷ್ಟರಲ್ಲಿ ಪರೀಕ್ಷೆಯೂ ಮುಗಿದಿರುತ್ತದೆ. ಅದಕ್ಕೇ ಈ ಸಲ ದೀಪಾವಳಿಗೆ ಮುಂಚೆಯೇ ಇಟ್ಟುಕೊಂಡರು. ಒಂದು ಸಮುದಾಯವನ್ನು ಅರ್ಥ ಮಾಡಿಕೊಳ್ಳುವುದು ಅಂದರೆ ಮೊದಲು ಅವರ ಕ್ಯಾಲೆಂಡರ್ ನೋಡಬೇಕು, ಡ್ರೆಸ್ ಆಮೇಲೆ ನೋಡಿಕೊಳ್ಳಬಹುದು.

ಕತ್ತಲಾಗಿದೆ, ವಿಡಿಯೋ ಚುಕ್ಕೆ ಚುಕ್ಕೆ ಬರುತ್ತಿದೆ. ಇದು ಸಂಜೆ ಏಳರ ಎಸ್‌ಡಿಎಂಸಿ ಸಭೆ. ಮೊದಲೆಲ್ಲ ಬೆಳಿಗ್ಗೆ ಹನ್ನೊಂದಕ್ಕೆ ಕರೆಯುತ್ತಿದ್ದರಂತೆ. ಹನ್ನೊಂದಕ್ಕೆ ಕೂಲಿ ಬಿಟ್ಟು ಯಾರು ಬರುತ್ತಾರೆ? ಕಾಯ್ದೆ ಪ್ರಕಾರ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆ ತಾಯಂದಿರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ಪುಸ್ತಕದಲ್ಲಿ ಸಹಿ ಮಾತ್ರ ಹಾಕಿಸಿಕೊಂಡರೆ ಅದೂ ಆಗುತ್ತದೆ ಅನ್ನಿ. ಇಲ್ಲಿ ಮಾತ್ರ ಬಂದಿದ್ದಾರೆ, ಹೆಂಗಸರೇ ಜಾಸ್ತಿ, ಗಲಾಟೆಯೂ ಜಾಸ್ತಿ.

ಆ ಉದ್ದ ಪುಸ್ತಕದಲ್ಲಿ ಯಾವ ಮನೆಯವರು ಗುಳೆ ಹೋಗುತ್ತಾರೆ, ಮಗು ಯಾರ ಹತ್ತಿರ ಇರುತ್ತದೆ ಅಂತ ಬರೆಯುತ್ತಿದ್ದಾರೆ. ಅಜ್ಜಿ ತಾತ ಇದ್ದರೆ ಅವರ ಹತ್ತಿರ. ಇಲ್ಲದವರಿಗೆ ಋತುಮಾನದ ವಸತಿ ಶಾಲೆ ಕೇಳಿ ಅರ್ಜಿ ಬರೆದಿದ್ದಾರೆ, ಹೋದ ವರ್ಷವೂ ಬರೆದಿದ್ದರಂತೆ. ಕರೆದುಕೊಂಡೇ ಹೋಗುತ್ತೇವೆ ಅನ್ನುವವರಿಗೆ ಈಗಲೇ ಟಿಸಿ, ಅಂದರೆ ವರ್ಗಾವಣೆ ಪತ್ರ. ಟಿಸಿ ತಡವಾಯಿತು ಅಂತ ಯಾವ ಸರ್ಕಾರಿ ಶಾಲೆಯೂ ಮಗುವನ್ನು ಸೇರಿಸಿಕೊಳ್ಳದೆ ಇರುವ ಹಾಗಿಲ್ಲ, ಕಾಯ್ದೆಯ 5ನೇ ಕಲಮಿನಲ್ಲೇ ಇದೆ. ಆದರೆ ಕಬ್ಬಿನ ಗದ್ದೆಯಲ್ಲಿ ನಿಂತು ಅಪ್ಪ ಅದನ್ನು ಯಾರಿಗೆ ಓದಿ ಹೇಳಬೇಕು? ಕಾಗದ ಕೈಯಲ್ಲಿದ್ದರೆ ಜಗಳ ಕಡಿಮೆ.

ಮಕ್ಕಳು ಇಲ್ಲೇ ಇರಲಿ, ಕೊಲ್ಹಾಪುರಕ್ಕೆ ಹೋಗಿ ಮರಾಠಿ ಶಾಲೆಯಲ್ಲಿ ಮತ್ತೆ ಒಂದರಿಂದ ಶುರುಮಾಡುವುದು ಯಾಕೆ ಅಂತ ನಾನು ಜೋರಾಗಿಯೇ ಹೇಳಿದೆ. ಈ ಕಡೆ ಕೂತ ತಾಯಿ, ಐದು ತಿಂಗಳು ಮಗಳನ್ನು ಬಿಟ್ಟು ಇದ್ದು ನೋಡು, ಆಮೇಲೆ ಹೇಳು ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಕೊನೆಗೆ ಒಂದು ಮಾತಿಗೆ ಒಪ್ಪಿದರು: ಭಾನುವಾರ ಸಂಜೆ ಆ ಡಿಗ್ರಿ ಹುಡುಗಿ ಶಾಲೆಯ ಜಗುಲಿಯಲ್ಲಿ ಫೋನ್ ಹಿಡಿದು ಕೂರುತ್ತಾಳೆ, ತಾಂಡಾದಲ್ಲೇ ಉಳಿದ ಮಕ್ಕಳೆಲ್ಲ ಸರದಿಯಲ್ಲಿ ಅಪ್ಪ ಅಮ್ಮನ ಜೊತೆ ಮಾತಾಡುತ್ತಾರೆ. ರೀಚಾರ್ಜ್ ಯಾರದು ಅಂತ ಮತ್ತೆ ಅರ್ಧ ಗಂಟೆ ಜಗಳ ನಡೆಯಿತು. ಅದನ್ನು ಪೂರ್ತಿ ಕಟ್ ಮಾಡಿದ್ದೇನೆ.

ಹಾರ್ನ್ ಕೇಳಿತಾ? ಕೊನೆ ಬಸ್ಸು. ವಸತಿ ಶಾಲೆಯ ಅರ್ಜಿ ಏನಾಯಿತು ಅಂತ ತಿಳಿದ ಮೇಲೆ ಇನ್ನೊಂದು ವಿಡಿಯೋ ಹಾಕುತ್ತೇನೆ. ಹೂಂ ಹೂಂ ಬಂದೆ, ನಿಲ್ಲಿಸಿ, ನಿಲ್ಲಿಸಿ!