ನಲವತ್ತು ಕಿಲೋ ತಾಮ್ರ ತಂದುಕೊಟ್ಟರೆ ಅದು ಮಿಷನ್ ಆದೀತೇ?

[ದೃಶ್ಯ: ನೌಕೆ ಇಳಿಯುತ್ತದೆ. ಆಟಗಾರ ಬಂಡೆ ಕೊರೆಯುತ್ತಾನೆ. ನೌಕೆ ಏರುತ್ತದೆ.]

ನಮಸ್ಕಾರ. ಕಳೆದ ವಾರ ಒಂದು ಬಾಹ್ಯಾಕಾಶ ಗೇಮಿನಲ್ಲಿ ನನಗೆ ಸಿಕ್ಕ ಕೆಲಸ: ಪಕ್ಕದ ಗ್ರಹದಿಂದ 40 ಕಿಲೋ ತಾಮ್ರ ಅಗೆದು ತಾ. ತಂದುಕೊಟ್ಟೆ. ಮರುಕ್ಷಣವೇ ಇನ್ನೊಂದು ಗ್ರಹ, ಇನ್ನೊಂದು ಲೋಹ. ಮಂಡ್ಯದ ಮನೆಯಲ್ಲಿ ಅಜ್ಜಿಯೂ ಹೀಗೆಯೇ "ಓಡಿಹೋಗಿ ಅಂಗಡಿಯಿಂದ ಸಾಸಿವೆ ತಾ" ಎನ್ನುತ್ತಿದ್ದರು. ಅಲ್ಲಿ ಉಳಿದ ಚಿಲ್ಲರೆಯಾದರೂ ನನ್ನದಾಗುತ್ತಿತ್ತು.

ಇಂಥ ಗೇಮುಗಳಿಗೆ ಜಾಗದ ಬಡತನವಿಲ್ಲ. 2016ರಲ್ಲಿ ಬಂದ 'ನೋ ಮ್ಯಾನ್ಸ್ ಸ್ಕೈ'ನಲ್ಲಿರುವ ಗ್ರಹಗಳ ಲೆಕ್ಕ ಬರೆಯಲು 20 ಅಂಕಿ ಬೇಕು. ಅಷ್ಟನ್ನೂ ಗಣಿತದ ಸೂತ್ರಗಳೇ ಹುಟ್ಟಿಸುತ್ತವೆ. ಆದರೆ ನಿಲ್ದಾಣದಲ್ಲಿ ಕೆಲಸ ಹಂಚುವವನ ಎದುರು ನಿಂತರೆ ಹೆಚ್ಚಾಗಿ ಸಿಗುವುದು ಅದೇ: ಇಷ್ಟು ತಾ, ಇಷ್ಟು ಪ್ರಾಣಿಗಳನ್ನು ಸ್ಕ್ಯಾನ್ ಮಾಡು.

[ದೃಶ್ಯ: ಆಲೆಮನೆ. ಕುದಿಯುವ ಕೊಪ್ಪರಿಗೆ.]

ಈಗ ನಮ್ಮ ದೊಡ್ಡಪ್ಪನ ಆಲೆಮನೆಗೆ ಬನ್ನಿ. ಕಬ್ಬಿನ ಹಾಲು ಗಟ್ಟಿಯಾಗುತ್ತಾ ಬಂದಿದೆ. ದೊಡ್ಡಪ್ಪ ಒಂದು ಹನಿ ಪಾಕವನ್ನು ತಣ್ಣೀರಿಗೆ ಬಿಟ್ಟು, ಎರಡು ಬೆರಳ ನಡುವೆ ಉರುಟಿ ನೋಡುತ್ತಾರೆ. "ಇನ್ನೊಂದು ಕುದಿ ಬರಲಿ" ಎನ್ನುತ್ತಾರೆ. ಬೇಗ ಇಳಿಸಿದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ, ತಡವಾದರೆ ತಳ ಹಿಡಿಯುತ್ತದೆ. ಇಳಿಸಿದ ಮೇಲೆ ಮತ್ತೆ ಹಿಂದಕ್ಕೆ ಹೋಗುವಂತಿಲ್ಲ. ಆ ಒಂದು ನಿಮಿಷ ಆಲೆಮನೆಯಲ್ಲಿ ಯಾರೂ ಮಾತಾಡುವುದಿಲ್ಲ.

ಮಂಗಳಯಾನದಲ್ಲೂ ಅಂಥದೊಂದು ಹನಿ ಇತ್ತು. ಭೂಮಿಯ ಕಕ್ಷೆ ಬಿಟ್ಟ ಮೇಲೆ ಮುಖ್ಯ ಎಂಜಿನ್ ಸುಮಾರು 300 ದಿನ ಉರಿಯದೆ ಇತ್ತು. ಅದು ಎದ್ದೀತೇ? 2014ರ ಸೆಪ್ಟೆಂಬರ್ 22ರಂದು ಇಸ್ರೋ ಅದನ್ನು ಸುಮಾರು ನಾಲ್ಕು ಸೆಕೆಂಡು ಮಾತ್ರ ಉರಿಸಿ ನೋಡಿತು. ಕೈಕೊಟ್ಟರೆ ಥ್ರಸ್ಟರ್ ಎಂಬ ಎಂಟು ಪುಟ್ಟ ಎಂಜಿನ್‌ಗಳಿಂದ ಸಂಭಾಳಿಸುವ ಯೋಜನೆಯೂ ಸಿದ್ಧವಿತ್ತು. ಎಂಜಿನ್ ಎದ್ದಿತು. 24ರಂದು ಅಸಲಿ ಪರೀಕ್ಷೆ: ಎಂಜಿನ್ ಉರಿಸಿ ವೇಗ ತಗ್ಗಿಸಿ ಮಂಗಳದ ಕಕ್ಷೆ ಸೇರಬೇಕು. ಸಂಕೇತ ಭೂಮಿ ಮುಟ್ಟಲು ಸುಮಾರು 12 ನಿಮಿಷ ಬೇಕು, ಸಾಲದ್ದಕ್ಕೆ ನಡುವೆ ನೌಕೆ ಮಂಗಳದ ಮರೆಗೆ ಸರಿಯಿತು. ಆಜ್ಞೆಗಳನ್ನೆಲ್ಲ ಮೊದಲೇ ತುಂಬಿಸಿ ಇಟ್ಟಿದ್ದವರಿಗೆ ಕಾಯುವುದಷ್ಟೇ ಉಳಿದಿತ್ತು.

ಗೇಮಿನ ಮಿಷನ್‌ನಲ್ಲಿ ನನಗೆ ಬೇಕಾದದ್ದು ಈ ಹದ ನೋಡುವ ಗಳಿಗೆ. ಗಡಿಯಾರ ಒಂದನ್ನು ತೂಗುಹಾಕಿ ಇದನ್ನು ತಂದೇವೆಂದುಕೊಳ್ಳುವವರಿದ್ದಾರೆ; ಅದರಿಂದ ಬರುವುದು ಸಿಡುಕು ಮಾತ್ರ. 2019ರ 'ಔಟರ್ ವೈಲ್ಡ್ಸ್'ನಲ್ಲಿ 22 ನಿಮಿಷಕ್ಕೊಮ್ಮೆ ಸೂರ್ಯ ಸಿಡಿದು ಎಲ್ಲ ಮೊದಲಿಗೆ ಮರಳುತ್ತದೆ, ನಿಜ. ಆದರೆ ತಿಳಿದುಕೊಂಡದ್ದು ನೌಕೆಯ ದಾಖಲೆಯಲ್ಲಿ ಉಳಿದಿರುತ್ತದೆ, ಅದಕ್ಕೇ ಆಟಗಾರ ಮತ್ತೆ ಹೊರಡುತ್ತಾನೆ.

ಸೋತರೂ ಏನಾದರೂ ಉಳಿಯಬೇಕು. 2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ಅಪ್ಪಳಿಸಿತು, ಆರ್ಬಿಟರ್ ಸುತ್ತುತ್ತಲೇ ಇತ್ತು. ಚಂದ್ರಯಾನ-3ಕ್ಕೆ ಇಳಿಯುವ ಜಾಗ ಆರಿಸಲು ಅದರ ಕ್ಯಾಮೆರಾ ತೆಗೆದ ಚಿತ್ರಗಳು ನೆರವಾದವು. 2023ರ ಆಗಸ್ಟ್‌ನಲ್ಲಿ ಹೊಸ ಲ್ಯಾಂಡರ್ ಅದೇ ಆರ್ಬಿಟರ್ ಜೊತೆ ಸಂಪರ್ಕ ಸಾಧಿಸಿತು. ಹಲವು ಗೇಮುಗಳು ಸೋತೊಡನೆ ಎಲ್ಲವನ್ನೂ ಅಳಿಸಿ ಹಳೆಯ ಸೇವ್‌ಗೆ ಒಯ್ದು ಬಿಡುತ್ತವೆ. ಎಂಥ ದಂಡ!

[ದೃಶ್ಯ: ಕಾಗದದ ಮೇಲೆ ಬರೆದ ನಕಾಶೆ.]

ಈಗ ಅದೇ ತಾಮ್ರದ ಕೆಲಸವನ್ನು ತಿದ್ದೋಣ. ಆ ಗ್ರಹದಲ್ಲಿ ಹಗಲು ಒಂಬತ್ತು ನಿಮಿಷ. ಕತ್ತಲಾದರೆ ಚಳಿಗೆ ಎಂಜಿನ್ ಹಟ ಹಿಡಿಯುತ್ತದೆ. ತಾಮ್ರ ಹೆಚ್ಚಿದಷ್ಟೂ ನೌಕೆ ಭಾರ. ಹೊರಡುವ ಮುನ್ನ ಎಂಜಿನ್ ಒಮ್ಮೆ ಉರಿಸಿ ನೋಡಬಹುದು, ಆದರೆ ಅಷ್ಟು ಇಂಧನ ಹೋಯಿತು. ಹಾಗೆಂದರೆ ಹತ್ತು ಕಿಲೋ ತಾಮ್ರವನ್ನು ಅಲ್ಲೇ ಬಿಡಬೇಕು. ನೋಡದೆ ಏರಿದರೆ? ಬಿದ್ದರೆ ಅವಶೇಷ ಅಲ್ಲೇ ಉಳಿಯುತ್ತದೆ, ಅದರ ರೇಡಿಯೊ ಮುಂದಿನ ನೌಕೆಗೆ ದಾರಿ ತೋರುತ್ತದೆ.

"ಇಷ್ಟೊಂದು ಗ್ರಹಗಳಿಗೆ ಕೈಯಿಂದ ಯಾರು ಬರೆಯುತ್ತಾರೆ?" ಎಂದು ಗೇಮ್ ಮಾಡುವವರು ಕೇಳುತ್ತಾರೆ. ಬರೆಯಬೇಕಿಲ್ಲ. ಹಗಲಿನ ಉದ್ದ, ಭಾರ, ಇಂಧನ, ಮೂರೂ ಸಂಖ್ಯೆಗಳು. ಗ್ರಹ ಹುಟ್ಟಿಸುವ ಸೂತ್ರವೇ ಇವನ್ನೂ ಹುಟ್ಟಿಸಲಿ.

ಈ ಒಂದು ಮಿಷನ್ನನ್ನು ಮೈಸೂರಿನ ನನ್ನ ಬಾಡಿಗೆ ಕೋಣೆಯಲ್ಲಿ ಕುಳಿತು ಗೊಡೊ ಎಂಬ ಗೇಮ್ ಕಟ್ಟುವ ಸಾಫ್ಟ್‌ವೇರ್‌ನಲ್ಲಿ ಕಟ್ಟುತ್ತಿದ್ದೇನೆ. ಮೊದಲು ಆಡಲು ಕೊಡುವುದು ದೊಡ್ಡಪ್ಪನಿಗೆ. ಅವರು ಎಂಜಿನ್ ಉರಿಸಿ ನೋಡದೆ ಏರುವುದಿಲ್ಲ ಎಂದು ನನ್ನ ಪಂದ್ಯ. ಮುಂದಿನ ಕಂತಿನಲ್ಲಿ ನೋಡೋಣ.